ಯಾವ ಓಎಸ್ ಸುಲಭ? ಮನೆಯವರನ್ನೇ ಕೂರಿಸಿ ನೋಡಿ

ವಿಂಡೋಸ್ 10ಕ್ಕೆ 2025 ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತ ಮೇಲೆ ನಮ್ಮ ಕಡೆ ಹಳೆ ಲ್ಯಾಪ್‌ಟಾಪ್ ಇರುವವರದ್ದೆಲ್ಲ ಒಂದೇ ಪ್ರಶ್ನೆ, ಇನ್ನು ಯಾವ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಹಾಕುದು, ಯಾವುದು ಸುಲಭ ಅಂತ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯೂರಿಟಿ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಶನ್ನಿಂದ ಮೇಲಿನದ್ದೇ ಬೇಕು, ಹಾಗಾಗಿ 2017ಕ್ಕಿಂತ ಮೊದಲಿನ ಮೆಷಿನ್‌ಗೆ ಆ ದಾರಿ ಇಲ್ಲ ಅಂತಲೇ ಲೆಕ್ಕ.

ನೆಟ್ಟಲ್ಲಿ ಹುಡುಕಿದ್ರೆ "ಎಲ್ಲರಿಗೂ ವಿಂಡೋಸ್ ಅಭ್ಯಾಸ, ಲಿನಕ್ಸ್ ಕಷ್ಟ" ಅಂತ ಬರೆದದ್ದೇ ಸಿಗುದು. ಲಿನಕ್ಸ್ ಅಂದ್ರೆ ಪುಕ್ಕಟೆ ಸಿಗುವ ಇನ್ನೊಂದು ಓಎಸ್. ಕಾಸರಗೋಡಿನ ಮನೆಗಳಲ್ಲಿ ಅದು ಅರ್ಧ ಮಾತ್ರ ಸತ್ಯ ಮಾರಾಯ್ರೆ. ಇಲ್ಲಿ ಸರ್ಕಾರಿ, ಎಯ್ಡೆಡ್ ಶಾಲೆಗಳಲ್ಲಿ ಕೇರಳದ ಶಾಲಾ ಐಟಿ ಸಂಸ್ಥೆ ಕೈಟ್‌ನವರು ಉಬುಂಟು (ಲಿನಕ್ಸಿನ ಒಂದು ರೂಪ) ಮೇಲೆ ಮಾಡಿದ ಲಿನಕ್ಸ್ ಉಂಟು, ಕನ್ನಡ ಮೀಡಿಯಂ ಮಕ್ಕಳೂ ಅದ್ರಲ್ಲೇ ಜಿಂಪ್, ಇಂಕ್‌ಸ್ಕೇಪಲ್ಲಿ ಚಿತ್ರ, ಲಿಬ್ರೆಆಫೀಸಲ್ಲಿ ಬರಹ, ಲೆಕ್ಕದ ಶೀಟು ಕಲಿತು ಎಸ್ಸೆಸ್ಸೆಲ್ಸಿ ಐಟಿ ಪರೀಕ್ಷೆ ಬರೆಯುದು. ಒಂಬತ್ತನೇ ಕ್ಲಾಸಿನ ಹುಡುಗಿ ಉಬುಂಟುವಿನಲ್ಲಿ ಫೈಲು ಎಲ್ಲಿ ಹೋಯ್ತು ಅಂತ ಕಣ್ಣು ಮುಚ್ಚಿ ಹೇಳ್ತಾಳೆ, ಅವಳ ಅಪ್ಪ ಅದೇ ಸ್ಕ್ರೀನ್ ಎದುರು ಸ್ಟಾರ್ಟ್ ಬಟನ್ ಹುಡುಕ್ತಾ ಕೂತಿರ್ತಾರೆ. ಇಬ್ಬರಿಗೂ ಇರುದು ಒಂದೇ ಲ್ಯಾಪ್‌ಟಾಪು. ಹಾಗಾಗಿ ಯಾರೋ ಕೊಟ್ಟ ಸ್ಟಾರ್ ರೇಟಿಂಗ್ ನೋಡಿ ಪ್ರಯೋಜನ ಇಲ್ಲ, ಯಾರು ಬಳಸ್ತಾರೋ ಅವರ ಕೈಗೇ ಕೊಟ್ಟು ನೋಡ್ಬೇಕು.

ಮೊದ್ಲು ಒಂದು ಚೀಟಿಯಲ್ಲಿ ಮನೆಯಲ್ಲಿ ಕಂಪ್ಯೂಟರಿನಿಂದ ನಿಜವಾಗಿ ಆಗುವ ಕೆಲಸ ಬರೀರಿ. ಅಡಿಕೆ ಮಾರಿದ ಲೆಕ್ಕದ ಶೀಟು, ದೇವಸ್ಥಾನದ ಜಾತ್ರೆಗೋ ಯಕ್ಷಗಾನಕ್ಕೋ ಕನ್ನಡದಲ್ಲಿ ಒಂದು ಆಮಂತ್ರಣ, ಅದ್ರ ಪ್ರಿಂಟು, ಫೋನಿನ ಫೋಟೋ ಕಂಪ್ಯೂಟರಿಗೆ ಹಾಕುದು, ಒಂದು ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಪಿಡಿಎಫ್ ಸೈಜ್ ಇಳಿಸಿ ಅಪ್‌ಲೋಡ್ ಮಾಡುದು. ಐದಾರು ಸಾಕು. "ವಿಡಿಯೋ ಎಡಿಟಿಂಗ್" ಅಂತ ಸುಮ್ಮನೆ ಸೇರಿಸ್ಬೇಡಿ, ಯಾರೂ ಮಾಡುದಿಲ್ಲ ಅಂತ ನಿಮಗೂ ಗೊತ್ತುಂಟು.

ಲಿನಕ್ಸ್ ನೋಡ್ಲಿಕ್ಕೆ ಇನ್‌ಸ್ಟಾಲ್ ಮಾಡ್ಬೇಕಂತಿಲ್ಲ. ಒಂದು 8 ಜಿಬಿ ಪೆನ್‌ಡ್ರೈವ್ ಖಾಲಿ ಮಾಡಿ, ಅದಕ್ಕೆ ರೂಫಸ್ ಅನ್ನುವ ಪ್ರೋಗ್ರಾಮಿನಲ್ಲಿ ಉಬುಂಟು ಅಥವಾ ಲಿನಕ್ಸಿನ ಇನ್ನೊಂದು ರೂಪ ಲಿನಕ್ಸ್ ಮಿಂಟ್ ಬರೆದು, ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು (ಯಾವುದರಿಂದ ಶುರು ಆಗ್ಬೇಕು ಅಂತ ಆರಿಸುವ ಪಟ್ಟಿ) ಕೀ ಒತ್ತಿ, ಡೆಲ್, ಲೆನೊವೊದಲ್ಲಿ ಸಾಧಾರಣ ಎಫ್12, ಎಚ್‌ಪಿಯಲ್ಲಿ ಎಫ್9. ಉಬುಂಟು ಕೇಳಿದ್ರೆ ಟ್ರೈ ಅಂತ ಕೊಡಿ, ಇನ್‌ಸ್ಟಾಲ್ ಒತ್ತಬೇಡಿ. ಮುಖ್ಯ ವಿಷಯ, ಬಯೋಸ್ (ಕಂಪ್ಯೂಟರ್ ಶುರುವಾಗುವಾಗಿನ ಮೂಲ) ಸೆಟ್ಟಿಂಗ್ ಮುಟ್ಟುವ ಮೊದ್ಲು ವಿಂಡೋಸಿನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಬೀಗ) ಆನ್ ಉಂಟಾ ನೋಡಿ, ಇದ್ರೆ ಅದ್ರ ರಿಕವರಿ ಕೀ ಕಾಗದದಲ್ಲಿ ಬರೆದಿಡಿ, ಇಲ್ಲದಿದ್ರೆ ಆಮೇಲೆ ವಿಂಡೋಸ್ ಆ 48 ಅಂಕೆ ಕೇಳಿ ಬಾಗಿಲು ಹಾಕಿ ಕೂತ್ರೆ ಕಷ್ಟ. ಪೆನ್‌ಡ್ರೈವಿಂದ ಓಡುವಾಗ ಸ್ವಲ್ಪ ನಿಧಾನ ಇರ್ತದೆ, ಸ್ಪೀಡ್ ನೋಡಿ ಮಾರ್ಕ್ ಕೊಡ್ಲಿಕ್ಕಿಲ್ಲ.

ಇನ್ನೊಂದು ತಯಾರಿ ಉಂಟು, ಇದನ್ನು ಹೆಚ್ಚಿನವರು ಮಾಡುದೇ ಇಲ್ಲ. ವಿಂಡೋಸಿನಲ್ಲೂ ಮೊದ್ಲೇ ಲಿಬ್ರೆಆಫೀಸ್, ಫೈರ್‌ಫಾಕ್ಸ್ ಹಾಕಿ ಒಂದು ವಾರ ಬಳಸ್ಲಿಕ್ಕೆ ಬಿಡಿ. "ಲಿನಕ್ಸ್ ಕಷ್ಟ" ಅನ್ನುವವರು ತುಂಬಾ ಸಲ ಹೇಳ್ತಾ ಇರುದು ವರ್ಡ್ ಇಲ್ಲ, ಮೆನು ಬೇರೆ ಅಂತ, ಅದು ಓಎಸ್‌ನ ದೋಷ ಅಲ್ಲವಲ್ಲ. ಎರಡೂ ಕಡೆ ಒಂದೇ ಪ್ರೋಗ್ರಾಮ್ ಇದ್ರೆ ಮತ್ತೆ ಉಳಿದ ವ್ಯತ್ಯಾಸ ಏನುಂಟೋ ಅದೇ ನಿಜವಾದ ವ್ಯತ್ಯಾಸ.

ಈಗ ಕೂರಿಸಿ. ನೀವು ಮೌಸ್ ಮುಟ್ಟಬಾರದು, "ಅಲ್ಲಿ ಬಲಗಡೆ ಮೇಲೆ" ಅಂತ ಹೇಳ್ಲಿಕ್ಕೂ ಇಲ್ಲ. ಇದು ಮನೆಯಲ್ಲಿ ಕಂಪ್ಯೂಟರ್ ಗೊತ್ತಿದ್ದವರಿಗೆ ಭಾರೀ ಕಷ್ಟದ ಕೆಲಸ, ಬೇಕಾದ್ರೆ ಕೈ ಕಟ್ಟಿ ನಿಲ್ಲಿ. ಎಲ್ಲಿ ನಿಂತ್ರು, ಎಂತ ಕೇಳಿದ್ರು, ಸೇವ್ ಮಾಡಿದ ಫೈಲು ವಾಪಸ್ ಸಿಕ್ಕಿತಾ, ಅಷ್ಟೇ ಬರ್ಕೊಳ್ಳಿ. ಮರುದಿನ ಅದೇ ಕೆಲಸ ಇನ್ನೊಂದು ಸಲ ಮಾಡಿಸಿ. ಮೊದಲ ದಿನದ್ದು ಬರೀ ಹೊಸತರ ಗಲಿಬಿಲಿ ಇರಬಹುದು, ಎರಡನೇ ದಿನವೂ ಅಲ್ಲೇ ನಿಂತ್ರೆ ಅದು ನಿಜವಾದ ತೊಡಕು. ಮಿಂಟ್‌ನಲ್ಲಿ ಮೆನು ಕೆಳಗೆ ಎಡಬದಿಯಲ್ಲೇ ಇರ್ತದೆ, ವಿಂಡೋಸ್ 7, 10 ನೋಡಿದವರು ಬೇಗ ಹಿಡ್ಕೊಳ್ತಾರೆ. ಶಾಲೆ ಮಕ್ಕಳಿಗೆ ಎಡಗಡೆ ಐಕಾನ್ ಸಾಲಿನ ಉಬುಂಟುವೇ ಪರಿಚಯ.

ನಮ್ಮಲ್ಲಿ ಸೋಲು ಗೆಲುವು ತೀರ್ಮಾನ ಆಗುದು ಹೆಚ್ಚಾಗಿ ಟೈಪಿಂಗಲ್ಲಿ. ಕನ್ನಡ ಬೇಕು, ಪಂಚಾಯತಿಗೆ ಮಲಯಾಳ ಬೇಕು, ಇಂಗ್ಲಿಷ್ ಹೇಗೂ ಬೇಕು. ವಿಂಡೋಸಿನಲ್ಲಿ ಸೆಟ್ಟಿಂಗ್ಸ್, ಟೈಮ್ ಆ್ಯಂಡ್ ಲ್ಯಾಂಗ್ವೇಜಿಗೆ ಹೋಗಿ ಭಾಷೆ ಸೇರಿಸಿ, ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಅಲ್ಲದೆ ಫೊನೆಟಿಕ್ (ಉಚ್ಚಾರಕ್ಕೆ ಹೊಂದುವ ಇಂಗ್ಲಿಷ್ ಕೀ ಒತ್ತುವ) ಕೀಬೋರ್ಡೂ ಸಿಗ್ತದೆ, ವಿಂಡೋಸ್ ಕೀ ಮತ್ತೆ ಸ್ಪೇಸ್ ಒತ್ತಿದ್ರೆ ಒಂದರಿಂದ ಒಂದಕ್ಕೆ ಬದಲಾಗ್ತದೆ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಕೀಬೋರ್ಡಲ್ಲಿ ಇನ್‌ಪುಟ್ ಸೋರ್ಸ್ ಸೇರಿಸುವಾಗ ಕನ್ನಡ ಹುಡುಕಿ ಕಗಪ ಫೊನೆಟಿಕ್ ಆರಿಸಿ, ಬದಲಾಯಿಸುದು ಅದೇ ಕೀ. ನುಡಿ ಸಾಫ್ಟ್‌ವೇರಲ್ಲಿ ಕಗಪ ವಿನ್ಯಾಸ ಕಲಿತ ಬೆರಳಿಗೆ ಇದು ಹೊಸತೇ ಅಲ್ಲ. ಇಲ್ಲಿ ಇಬ್ಬರೂ ಸಮ ಅಂತ ನನ್ನ ಅಭಿಪ್ರಾಯ, ಆದ್ರೆ ಹಳೆ ನುಡಿ, ಬರಹ ಫೈಲುಗಳದ್ದು ಬೇರೆ ಕತೆ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥ ಆಗುವ ಅಕ್ಷರ ಸಂಕೇತ) ಅಲ್ಲದ ಆ ಫೈಲು ಅದ್ರ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ತೋರಿಸ್ತದೆ. ಸಂಘದ ಹತ್ತು ಹದಿನೈದು ವರ್ಷದ ವರದಿ ಎಲ್ಲ ಹಾಗೆ ಇದ್ರೆ ಮೊದ್ಲು ಯೂನಿಕೋಡಿಗೆ ಪರಿವರ್ತನೆ ಮಾಡಿ, ಒತ್ತಕ್ಷರ ಒಂದೊಂದು ಕಡೆ ಹಾಳಾಗಿರ್ತದೆ, ಓದಿ ತಿದ್ದಿ, ಮತ್ತೆ ಓಎಸ್ ಬದಲಿಸುವ ಮಾತು.

ಪ್ರಿಂಟರ್ ಪೆನ್‌ಡ್ರೈವ್ ಲಿನಕ್ಸಿನಲ್ಲೇ ಕನೆಕ್ಟ್ ಮಾಡಿ ಒಂದು ಪೇಜ್ ತೆಗೆದು ನೋಡಿ. ಎಚ್‌ಪಿಯ ಹೆಚ್ಚಿನವು, ಹೊಸ ವೈಫೈ ಪ್ರಿಂಟರ್‌ಗಳು ಸುಮ್ಮನೆ ನಡೀತವೆ, ಕೆಲವು ಹಳೆ ಲೇಸರ್ ಪ್ರಿಂಟರ್ ಮಾತ್ರ ಡ್ರೈವರಿಗಾಗಿ ಇಡೀ ದಿನ ತಿಂತವೆ. ಅಂಗಡಿ ಲೆಕ್ಕದ ಟ್ಯಾಲಿ ಬೇಕಾದವರು ಯೋಚನೆ ಮಾಡ್ಲೇ ಬೇಡಿ, ವಿಂಡೋಸ್.

ಮ್ಯಾಕ್ ಬಗ್ಗೆ ಎರಡು ಮಾತು ಸಾಕು. ಚಂದ ಉಂಟು, ಆದ್ರೆ ಕಂಟ್ರೋಲ್ ಜಾಗದಲ್ಲಿ ಕಮಾಂಡ್, ಕೆಂಪು ಬಟನ್ ಒತ್ತಿದ್ರೂ ಪ್ರೋಗ್ರಾಮ್ ಸಾಧಾರಣ ಮುಚ್ಚುದಿಲ್ಲ, ಫೈಲ್ ಮೇಲೆ ಎಂಟರ್ ಒತ್ತಿದ್ರೆ ತೆರೆಯುವ ಬದ್ಲು ಹೆಸರು ಬದಲಿಸ್ಲಿಕ್ಕೆ ಹೋಗ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಹಾರ್ಡ್‌ಡಿಸ್ಕ್ ಹಾಕಿದ್ರೆ ಓದ್ತದೆ, ಬರೆಯುದಿಲ್ಲ. ಬರೀ ಬ್ರೌಸರ್ ಸಾಕು ಅನ್ನುವ ಅಜ್ಜನಿಗೆ ಗೂಗಲಿನ ಕ್ರೋಮ್‌ಓಎಸ್ ಫ್ಲೆಕ್ಸ್ ಎಲ್ಲಕ್ಕಿಂತ ಸುಲಭ, ಆದ್ರೆ ಅದ್ರಲ್ಲಿ ಪ್ಲೇ ಸ್ಟೋರ್ ಇಲ್ಲ ಅಂತ ಮೊದ್ಲೇ ಹೇಳಿಡಿ.

ಚೀಟಿಯಲ್ಲಿ ಕೊನೆಗೆ ಇನ್ನೊಂದು ಸಾಲು ಸೇರಿಸಿ, ಹಾಳಾದ್ರೆ ಯಾರನ್ನು ಕರೆಯುದು? ಪೇಟೆಯ ರಿಪೇರಿ ಅಂಗಡಿಯಲ್ಲಿ ಸಾಧಾರಣ ವಿಂಡೋಸ್ ಗೊತ್ತಿರ್ತದೆ, ಲಿನಕ್ಸ್ ಆದ್ರೆ ಶಾಲೆಯ ಐಟಿ ಟೀಚರ್ರೇ ಗತಿ, ಅವರ ಪರಿಚಯ ಇದ್ರೆ ಅದೂ ಒಂದು ಸುಲಭವೇ.

ಅಪ್ಪ ಮಗಳು ಇಬ್ಬರದ್ದೂ ಉತ್ತರ ಬೇರೆ ಬೇರೆ ಬಂದ್ರೆ ಎರಡನ್ನೂ ಇಡಿ, ಆನ್ ಮಾಡುವಾಗ ಬೇಕಾದ್ದನ್ನು ಆರಿಸುವ ಡ್ಯುಯಲ್ ಬೂಟ್. ಫೋಟೋ, ದಾಖಲೆ ಎಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡದೆ ಮಾತ್ರ ಕೈ ಹಾಕ್ಬೇಡಿ. ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದ್ರೆ ಹೆದರ್ಬೇಡಿ, ವೈರಸ್ ಅಲ್ಲ, ಲಿನಕ್ಸ್ ಮೆಷಿನಿನ ಗಡಿಯಾರವನ್ನು ಯುಟಿಸಿಯಲ್ಲಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಇಡ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ತದೆ. ಡೇಟ್ ಆ್ಯಂಡ್ ಟೈಮಿಗೆ ಹೋಗಿ ಸಿಂಕ್ ನೌ ಒತ್ತಿ, ಸರಿಯಾಗ್ತದೆ.