ದತ್ತಾಂಶದ ಗುರುತು ಹಿಡಿದು ಸಂಶೋಧನಾ ಲೇಖನಗಳನ್ನು ಹುಡುಕುವ ಬಗೆ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಅಥವಾ ಸಮಾಜಶಾಸ್ತ್ರದ ಪಿಎಚ್‌.ಡಿ.ಗೆ ಸೇರಿ, ಗ್ರಾಮೀಣ ಕುಟುಂಬಗಳ ಆದಾಯವನ್ನೋ ಮಕ್ಕಳ ಓದಿನ ಖರ್ಚನ್ನೋ ಅಧ್ಯಯನಕ್ಕೆ ಎತ್ತಿಕೊಂಡವರು ಮೊದಲು ತಿಳಿಯಬೇಕಾದದ್ದು, ತಾವು ಬಳಸಲಿರುವ ದತ್ತಾಂಶದ ಮೇಲೆ ಈಗಾಗಲೇ ಯಾರು ಏನು ಬರೆದಿದ್ದಾರೆ ಎಂಬುದನ್ನು. ವಿಷಯದ ಹೆಸರು ಹಾಕಿ ಹುಡುಕಿದರೆ ಸಾವಿರಾರು ಲೇಖನಗಳು ಬಂದು ಬೀಳುತ್ತವೆಯೇ ಹೊರತು ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಹುಡುಕಾಟ ದತ್ತಾಂಶದ ಗುರುತುಸಂಖ್ಯೆಯಿಂದಲೇ ಶುರುವಾಗಬೇಕು.

ಐಎಚ್‌ಡಿಎಸ್ ಎಂದು ಕರೆಯಲಾಗುವ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಕೂಡಿ 2004-05ರಲ್ಲಿ 41,554 ಕುಟುಂಬಗಳನ್ನೂ 2011-12ರಲ್ಲಿ 42,152 ಕುಟುಂಬಗಳನ್ನೂ ಸಂದರ್ಶಿಸಿ ಸಂಗ್ರಹಿಸಿದ ಈ ಮಾಹಿತಿ, ಮಿಷಿಗನ್ ವಿಶ್ವವಿದ್ಯಾಲಯದ ಐಸಿಪಿಎಸ್‌ಆರ್ ಎಂಬ ಸಮಾಜವಿಜ್ಞಾನ ದತ್ತಾಂಶ ಭಂಡಾರದಲ್ಲಿದೆ. ಮೊದಲ ಸುತ್ತಿನ ಸಂಖ್ಯೆ 22626, ಎರಡನೆಯದು 36151. ಐಸಿಪಿಎಸ್‌ಆರ್ ತನ್ನ ದತ್ತಾಂಶಗಳನ್ನು ಬಳಸಿದ ಬರಹಗಳ ಗ್ರಂಥಸೂಚಿಯೊಂದನ್ನು ಪ್ರತ್ಯೇಕವಾಗಿ ನಿರ್ವಹಿಸುತ್ತದೆ. ಈ ಸಂಖ್ಯೆಯಿಂದ ಸಮೀಕ್ಷೆಯ ಪುಟವನ್ನು ತೆರೆದು, ಅಲ್ಲಿ ಸಂಬಂಧಿತ ಪ್ರಕಟಣೆಗಳ ಭಾಗಕ್ಕೆ ಹೋದರೆ ಪಟ್ಟಿ ಸಿಗುತ್ತದೆ. ಅದನ್ನು ವರ್ಷದ ಪ್ರಕಾರ, ಬರಹದ ಬಗೆಯ ಪ್ರಕಾರ ಸೋಸಬಹುದು. ಎರಡು ಸುತ್ತುಗಳ ಪುಟಗಳನ್ನೂ ಬೇರೆ ಬೇರೆಯಾಗಿ ನೋಡತಕ್ಕದ್ದು.

ಹುಡುಕುವ ಪೆಟ್ಟಿಗೆಯಲ್ಲಿ ಶಿವಮೊಗ್ಗ ಅಥವಾ ಮಲೆನಾಡು ಎಂದು ಹಾಕುವ ಆಸೆ ಸಹಜವಾದರೂ ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ, ಏಕೆಂದರೆ ಈ ಸಮೀಕ್ಷೆಯ ಮಾದರಿ ಒಂದೊಂದು ಜಿಲ್ಲೆಯನ್ನು ಪ್ರತಿನಿಧಿಸಲೆಂದು ರೂಪಿಸಿದ್ದಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಹಲವು ಲೇಖನಗಳು ತಪ್ಪಿಹೋಗುತ್ತವೆ. ದತ್ತಾಂಶದ ಡಿಒಐಯನ್ನು (ಅಂತರಜಾಲದಲ್ಲಿ ಅದನ್ನು ಗುರುತಿಸುವ ಶಾಶ್ವತ ಸಂಖ್ಯೆ), ದತ್ತಾಂಶಗಳ ಡಿಒಐ ದಾಖಲಿಸುವ ಡೇಟಾಸೈಟ್‌ ತಾಣದಲ್ಲಿ ಹುಡುಕಿದಾಗ, ಅದನ್ನು ಉಲ್ಲೇಖಪಟ್ಟಿಯಲ್ಲಿ ಸರಿಯಾಗಿ ನಮೂದಿಸಿದ ಲೇಖನಗಳು ಮಾತ್ರ ಕೊಂಡಿಯಾಗಿ ಕಾಣಿಸುತ್ತವೆ. ಆದರೆ ಸಮೀಕ್ಷೆಯ ಹೆಸರನ್ನು ಲೇಖನದ ನಡುವೆ ಹೇಳಿ, ಡಿಒಐಯನ್ನು ಬರೆಯದೆ ಬಿಡುವ ಲೇಖಕರು ಬಹಳ. ಅಂಥವನ್ನು ಹಿಡಿಯಲು ಗೂಗಲ್ ಸ್ಕಾಲರ್‌ನಲ್ಲಿ ಸಮೀಕ್ಷೆಯ ಪೂರ್ಣ ಇಂಗ್ಲಿಷ್ ಹೆಸರನ್ನು (India Human Development Survey) ಉದ್ಧರಣ ಚಿಹ್ನೆಗಳೊಳಗೆ ಟೈಪಿಸಿ, ಆಮೇಲೆ ಸಂಕ್ಷಿಪ್ತ ರೂಪವನ್ನೂ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಹುಡುಕಬೇಕು. ಸಂಕ್ಷಿಪ್ತ ರೂಪವೊಂದನ್ನೇ ನಂಬಿದರೆ ಸಂಬಂಧವಿಲ್ಲದ ಫಲಿತಾಂಶಗಳು ಬೆರೆಯುತ್ತವೆ.

ಸಿಕ್ಕಿದ್ದೆಲ್ಲ ಬಳಕೆಯಲ್ಲ ಎಂಬುದೇ ಈ ಕೆಲಸದ ಮುಖ್ಯ ತೊಡಕು, ಹೆಚ್ಚು ಸಮಯ ಕೊಡಬೇಕಾದದ್ದೂ ಇಲ್ಲಿಗೇ. ಸಮೀಕ್ಷೆಯ ಹೆಸರು ಪೀಠಿಕೆಯಲ್ಲಿ ಮಾತ್ರ ಬಂದಿದ್ದರೆ ಲೇಖಕರು ಬೇರೊಬ್ಬರ ಫಲಿತಾಂಶವನ್ನು ಪ್ರಸ್ತಾಪಿಸಿರುವ ಸಂಭವವೇ ಹೆಚ್ಚು. ವಿಧಾನದ ಭಾಗದಲ್ಲೋ ಕೋಷ್ಟಕಗಳ ಕೆಳಗಿನ ಆಕರಸಾಲಿನಲ್ಲೋ ಬಂದಿದ್ದರೆ ದತ್ತಾಂಶವನ್ನು ನಿಜವಾಗಿ ವಿಶ್ಲೇಷಿಸಿದ್ದಾರೆ ಎನ್ನಬಹುದು. ಹಾಗಾಗಿ ಪಿಡಿಎಫ್ ತೆರೆದು, ಯಾವ ಸುತ್ತು, ಯಾವ ಕಡತ (ವ್ಯಕ್ತಿಗಳದ್ದೋ, ಕುಟುಂಬಗಳದ್ದೋ, ಗ್ರಾಮಗಳದ್ದೋ), ಎಷ್ಟು ಕುಟುಂಬಗಳನ್ನು ಕೈಬಿಟ್ಟು ಲೆಕ್ಕ ಹಾಕಿದ್ದಾರೆ ಎಂಬುದನ್ನು ಆಕರಗಳನ್ನು ಜೋಡಿಸಿಡುವ ಜೋಟೆರೊ ತಂತ್ರಾಂಶದಲ್ಲಿ ಆಯಾ ಲೇಖನದ ಟಿಪ್ಪಣಿಯಾಗಿ ಬರೆದಿಡುವುದು ಒಳ್ಳೆಯದು. ಒಂದೇ ಸಮೀಕ್ಷೆಯಿಂದ ಹೊರಟ ಎರಡು ಲೇಖನಗಳು ಬೇರೆ ಬೇರೆ ಅಂಕಿಗಳನ್ನು ಕೊಡುವುದಕ್ಕೆ ಕಾರಣ ಎಷ್ಟೋ ಸಲ ಈ ವಿವರಗಳಲ್ಲೇ ಅಡಗಿರುತ್ತದೆ.

ಭಾರತದ ಮಹಾಪ್ರಬಂಧಗಳಿಗೆ ಅವುಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾವನ್ನು ನೋಡಲೇಬೇಕು. ಕನ್ನಡದಲ್ಲಿ ಬರೆದವೂ ಅಲ್ಲಿವೆ. ಅಲ್ಲಿ ಅಧ್ಯಾಯಗಳು ಬಿಡಿ ಕಡತಗಳಾಗಿರುವುದರಿಂದ ವಿಧಾನದ ಅಧ್ಯಾಯವೊಂದನ್ನೇ ಇಳಿಸಿಕೊಂಡು ಪರೀಕ್ಷಿಸಿದರೆ ಸಾಕು. ಜಿಲ್ಲೆಯ ಹೆಸರು ಹಾಕಿ ಹುಡುಕುವುದು ಇಲ್ಲಿ ಫಲಕೊಡುತ್ತದೆ, ಆದರೆ 2014ರ ನವೆಂಬರ್‌ಗೆ ಮುಂಚಿನ ಬರಹಗಳಿಗಾಗಿ ಶಿಮೊಗಾ ಎಂಬ ಹಳೆಯ ಇಂಗ್ಲಿಷ್ ಕಾಗುಣಿತವನ್ನೂ ಬಳಸಬೇಕಾಗುತ್ತದೆ.

ಆಗುಂಬೆಯ ಕಪ್ಪೆಗಳನ್ನೋ ಶರಾವತಿ ಕಣಿವೆಯ ಮರಗಳನ್ನೋ ಅಭ್ಯಾಸ ಮಾಡುವವರಿಗೆ ಜೀವಿಗಳ ದಾಖಲೆಗಳ ಜಾಗತಿಕ ಭಂಡಾರವಾದ ಜಿಬಿಐಎಫ್ ಹೆಚ್ಚು ಅನುಕೂಲಕರ. ಅಲ್ಲಿ ಪ್ರತಿ ದತ್ತಾಂಶದ ಪುಟದಲ್ಲಿಯೇ ಅದನ್ನು ಬಳಸಿದ ಲೇಖನಗಳಿಗೆ ಕೊಂಡಿ ಇರುತ್ತದೆ. ಮಾಹಿತಿಯನ್ನು ಇಳಿಸಿಕೊಳ್ಳುವಾಗ ಆ ಇಳಿಕೆಗೇ ಒಂದು ಡಿಒಐ ದೊರೆಯುತ್ತದೆ. ನಿಮ್ಮ ಪ್ರಬಂಧದ ಉಲ್ಲೇಖಪಟ್ಟಿಯಲ್ಲಿ ಅದನ್ನು ಸೇರಿಸಿದರೆ, ಮುಂದೆ ಅದೇ ಪುಟದಲ್ಲಿ ಹುಡುಕುವವರಿಗೆ ನಿಮ್ಮ ಲೇಖನವೂ ಸಿಗಲು ದಾರಿಯಾಗುತ್ತದೆ.