ಅವಧಿ ಮುಗಿದ ಕಚ್ಚಾವಸ್ತುಗಳಲ್ಲಿ ನಾನು ಉಳಿಸಿದ್ದು, ಎಸೆದದ್ದು

ದಿನಾಂಕ ಮುಗಿದದ್ದನ್ನೆಲ್ಲ ಎಸೆಯಲೇಬೇಕೆಂದು ನನ್ನಂತೆಯೇ ಕ್ರೀಮು, ಸೀರಮ್ ತಯಾರಿಸುವ ಗೆಳತಿಯರು ಪಟ್ಟು ಹಿಡಿದಿದ್ದರು. ನಾನು ಮಾತ್ರ ಒಂದೊಂದನ್ನೂ ನೋಡಿ ಉಳಿಸುವುದೋ ಎಸೆಯುವುದೋ ಎಂದು ನಿರ್ಧರಿಸುವ ಕ್ರಮವನ್ನೇ ಎರಡು ಮೂರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಕಸಕ್ಕೆ ಹೋಗುತ್ತಿದ್ದ ಹಣ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ, ಚರ್ಮ ಒಮ್ಮೆಯೂ ಕೆರಳಿಲ್ಲ. ಈಗ ಅವರೇ ಪಟ್ಟಿ ಕೇಳುತ್ತಿದ್ದಾರೆ.

ದಿನಾಂಕ ದಾಟಿದ ಬಾಟಲಿಯಲ್ಲಿ ನಾನು ಮೊದಲು ನೋಡುವುದು ನೀರಿದೆಯೇ ಎಂದು. ಹೂವಿನ ಅರ್ಕ, ಅಲೋವೆರಾ ಜೆಲ್, ನೀರಿನಲ್ಲಿ ಕರಗಿಸಿಟ್ಟ ಹೈಲುರಾನಿಕ್ ಆಮ್ಲ (ಚರ್ಮದ ತೇವ ಹಿಡಿದಿಡುವ ಪದಾರ್ಥ) ಇವೆಲ್ಲ ನೇರ ಕಸಕ್ಕೆ. ಬ್ಯಾಕ್ಟೀರಿಯ ಬೆಳೆದರೂ ಬಣ್ಣ, ವಾಸನೆ ಬದಲಾಗದೇ ಇರಬಹುದು. ಇಲ್ಲಿ ಮೂಗನ್ನು ನಂಬುವುದು ಅಪಾಯ. ಒಣಗಿದ ಕೆಯೋಲಿನ್ (ಬಿಳಿ ಜೇಡಿಮಣ್ಣು) ಖನಿಜ, ತೇವ ತಗುಲದಿದ್ದರೆ ಉಳಿಯುತ್ತದೆ. ಸ್ಕ್ವಾಲೇನ್ ಎಣ್ಣೆಯಲ್ಲಿ ಗಾಳಿಗೆ ಸುಲಭವಾಗಿ ಕೆಡುವ ದ್ವಿಬಂಧವೇ ಇಲ್ಲ, ಹೊಹೊಬಾ ಅಸಲಿಗೆ ದ್ರವರೂಪದ ಮೇಣ. ಎರಡೂ ತಿಂಗಳುಗಟ್ಟಲೆ ಹೆಚ್ಚು ಬಾಳಿದವು.

ಹಣ ಮುಳುಗಿದ್ದು ರೋಸ್‌ಹಿಪ್ (ಕಾಡುಗುಲಾಬಿ ಕಾಯಿಯ ಬೀಜದ) ಎಣ್ಣೆಯಲ್ಲಿ. ಅಗ್ಗವೆಂದು ದೊಡ್ಡ ಕ್ಯಾನು ತರಿಸಿದ್ದೆ, ಮುಕ್ಕಾಲು ಪಾಲು ಕಮಟಿತು. ಎಣ್ಣೆ ಹಳಸಲು ತೊಡಗಿದ್ದನ್ನು ತೋರಿಸುವ ಅಳತೆಗೆ ಪೆರಾಕ್ಸೈಡ್ ಅಂಕಿ ಎನ್ನುತ್ತಾರೆ, ತಾಜಾ ಎಣ್ಣೆಯಲ್ಲಿ ಅದು ಸಾಮಾನ್ಯವಾಗಿ 10ರ ಒಳಗಿರುತ್ತದೆ. ಪರೀಕ್ಷಾ ಪಟ್ಟಿಯಲ್ಲಿ ನೋಡಿದರೆ ನನ್ನದು 20 ದಾಟಿತ್ತು. ಆದರೆ ಆ ಪರೀಕ್ಷಾ ಪಟ್ಟಿಯೊಂದನ್ನೇ ನೆಚ್ಚಬೇಡಿ. ಎಣ್ಣೆ ಪೂರ್ತಿ ಹಳಸಿದಾಗ ಪೆರಾಕ್ಸೈಡ್ ಒಡೆದು ಕಮಟು ವಾಸನೆಯ ಆಲ್ಡಿಹೈಡ್‌ಗಳಾಗಿ, ಅಂಕಿ ಮತ್ತೆ ಇಳಿಯುತ್ತದೆ. ಆಗ ಮೂಗೇ ಬೇಕು. ಎಣ್ಣೆ ಮೂಸುವುದಕ್ಕೆ ನನ್ನದೇ ಒಂದು ವಿಧಾನವಿದೆ, ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅದಾದ ಮೇಲೆ ಒಂದೇ ಎಣ್ಣೆಯನ್ನು ಎರಡು ಭಾಗ ಮಾಡಿ, ಒಂದಕ್ಕೆ ಸುಮಾರು 0.2 ಶೇಕಡಾ ವಿಟಮಿನ್ ಇ ಬೆರೆಸಿ, ಕಂಠಪೂರ್ತಿ ತುಂಬಿದ ಚಿಕ್ಕ ಕಪ್ಪು ಬಾಟಲಿಗಳಲ್ಲಿ ಫ್ರಿಜ್ಜಿನಲ್ಲಿಟ್ಟೆ. ಇನ್ನೊಂದು ಹಾಗೆಯೇ ಕಪಾಟಿನಲ್ಲಿ ಉಳಿಯಿತು. ಕಪಾಟಿನದು ವಾಸನೆ ಹೊಡೆದ ಮೇಲೂ ಫ್ರಿಜ್ಜಿನದು ನಾಲ್ಕೈದು ತಿಂಗಳು ಚೆನ್ನಾಗಿತ್ತು. ವಿಟಮಿನ್ ಇ ತಾಜಾ ಎಣ್ಣೆಗೇ ಬೀಳಬೇಕು, ಕಮಟಿದ್ದನ್ನು ಅದು ಮರಳಿ ತರುವುದಿಲ್ಲ.

ವಿಟಮಿನ್ ಸಿ ದ್ರಾವಣ ಕಂದು ಬಣ್ಣಕ್ಕೆ ತಿರುಗಿತೆಂದರೆ ಕೆಲಸ ಮುಗಿಯಿತು. ಬಿಳಿ ಪುಡಿಯಾಗಿಟ್ಟು ಆಗಾಗ ಸ್ವಲ್ಪವೇ ಕರಗಿಸಿಕೊಳ್ಳುವುದು ಲಾಭ. ಹಳೆಯ ಟೀ ಟ್ರೀ ಎಣ್ಣೆಯನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ, ಗಾಳಿಗೆ ಆಕ್ಸಿಡೀಕರಣಗೊಂಡ ಆ ಎಣ್ಣೆ ಅಲರ್ಜಿ ತರಬಹುದು. ಅವಧಿ ಮುಗಿದ ಸನ್‌ಸ್ಕ್ರೀನೂ ಬೇಡ. ಉಳಿಸಿಕೊಂಡ ಯಾವುದನ್ನೂ ನಾನು ಮಾರುವುದಿಲ್ಲ, ಬೇರೆಯವರಿಗೆ ಕೊಡುವುದೂ ಇಲ್ಲ. ಮೊದಲು ನನ್ನ ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ಕಾಯುತ್ತೇನೆ.