ಕರಾವಳಿಯ ಅಡುಗೆಮನೆಗೆ ಜಪಾನೀ ಚಾಕು: ನಾನು ಆರಿಸಿಕೊಂಡ ಬಗೆ

ಕಾರವಾರದ ನಮ್ಮ ಮನೆಯಲ್ಲಿ ಹರಿವೆ ಸೊಪ್ಪು, ಮೊಗೆಕಾಯಿ, ಬಂಗಡೆ, ಬಾಳೆಕಾಯಿ ಎಲ್ಲವೂ ಒಂದೇ ಮರದ ಹಲಗೆಯ ಮೇಲೆ ಹೆಚ್ಚಿಸಿಕೊಳ್ಳುತ್ತವೆ. ಆದ್ದರಿಂದ ಜಪಾನೀ ಚಾಕು ಕೊಳ್ಳಲು ನಿರ್ಧರಿಸಿದಾಗ, ಇಷ್ಟಕ್ಕೂ ಒಂದೇ ಚಾಕು ಒದಗಬೇಕೆಂಬುದು ನನ್ನ ಷರತ್ತಾಗಿತ್ತು.

ಆಕಾರದ ಆಯ್ಕೆ ಬೇಗ ಮುಗಿಯಿತು. ನೇರ ಅಲಗಿನ ನಕಿರಿ ತರಕಾರಿಗೆ ಬಹಳ ಚೆನ್ನ. ಆದರೆ ಚೂಪು ಮೊನೆಯಿಲ್ಲದ ಅದರಿಂದ ಮೀನಿನ ಹೊಟ್ಟೆ ಸೀಳುವುದು ಕಷ್ಟ. ಮೀನಿಗೆಂದೇ ಇರುವ ದಪ್ಪನೆಯ ದೇಬಾವನ್ನು ಸಾಮಾನ್ಯವಾಗಿ ಒಂದೇ ಬದಿಗೆ ಮಸೆದಿರುತ್ತಾರೆ; ಗಟ್ಟಿ ತರಕಾರಿಯಲ್ಲಿ ಅದು ಓರೆಯಾಗಿ ಇಳಿಯುತ್ತದೆ. ಎಲ್ಲ ಕೆಲಸಕ್ಕೂ ಬಳಸುವ ಗ್ಯೂಟೊ ಎಂಬ ಚಾಕು 210 ಮಿ.ಮೀ. ಅಲಗಿನದಾಗಿ ನನ್ನ ಹಲಗೆಗೆ ಉದ್ದವಾಯಿತು. ಹೀಗಾಗಿ, ಕಳೆದ ಶತಮಾನದ ಮಧ್ಯಭಾಗದಲ್ಲಿ ಜಪಾನಿನ ಮನೆಯಡುಗೆಗಾಗಿ ಬಳಕೆಗೆ ಬಂದ, ಎರಡೂ ಬದಿಗೆ ಮಸೆದ ಸಾಂತೊಕುವನ್ನು 165 ಮಿ.ಮೀ. ಅಳತೆಯಲ್ಲಿ ತೆಗೆದುಕೊಂಡೆ.

ನಿಜವಾದ ವಿಚಾರ ಇದ್ದದ್ದು ಉಕ್ಕಿನಲ್ಲಿ. ಶಿರೊಗಾಮಿ ಎಂಬ ಇಂಗಾಲದ ಉಕ್ಕು ಕಲ್ಲಿನ ಮೇಲೆ ಸುಲಭವಾಗಿ ಮಸೆಯಿಸಿಕೊಂಡು ಅತ್ಯಂತ ಹರಿತವಾಗುತ್ತದೆಂದು ಬಲ್ಲವರೆಲ್ಲ ಹೊಗಳುತ್ತಾರೆ, ಹೊಗಳಿಕೆ ಸುಳ್ಳಲ್ಲ. ಆದರೆ ತುಕ್ಕನ್ನು ತಡೆಯುವಷ್ಟು ಕ್ರೋಮಿಯಂ ಅದರಲ್ಲಿಲ್ಲ. ಉಪ್ಪುಗಾಳಿ ಬೀಸುವ ಊರಿನಲ್ಲಿ, ಅದರಲ್ಲೂ ಆಷಾಢದ ಮಳೆಯಲ್ಲಿ, ಮಾವಿನಕಾಯಿ ಹೆಚ್ಚಿ ಒರೆಸದೆ ಇಟ್ಟರೆ ಅಲಗು ಕಪ್ಪಾಗಿ, ತುಕ್ಕಿನ ಚುಕ್ಕೆ ಬೀಳಲು ಹೆಚ್ಚು ಹೊತ್ತು ಬೇಡ. ಫುಕುಯಿ ಪ್ರಾಂತ್ಯದಲ್ಲಿ ತಯಾರಾಗುವ ವಿ.ಜಿ.-10 ಉಕ್ಕಿನಲ್ಲಿ ಸುಮಾರು 1 ಶೇಕಡಾ ಇಂಗಾಲ, 15 ಶೇಕಡಾ ಕ್ರೋಮಿಯಂ ಇರುತ್ತವೆ. ಅದರ ಗಡಸುತನ ರಾಕ್‌ವೆಲ್ ಮಾಪನದಲ್ಲಿ ಸುಮಾರು 60. ನಾನು ಅದನ್ನೇ ಆರಿಸಿದೆ. ಅದಕ್ಕೂ ತುಕ್ಕು ಬರುವುದೇ ಇಲ್ಲವೆಂದಲ್ಲ. ಮೀನು ಕೊಯ್ದ ಕೂಡಲೆ ತೊಳೆದು ಒರೆಸಲೇಬೇಕು.

ಇಷ್ಟು ಗಡಸಾದ ಉಕ್ಕು ಬಹುಕಾಲ ಹರಿತ ಉಳಿಸಿಕೊಳ್ಳುತ್ತದೆ, ಆದರೆ ಬಾಗುವ ಬದಲು ಚಕ್ಕೆ ಏಳುತ್ತದೆ. ಆದುದರಿಂದ ಇಸ್ವಾಣದಂಥ ದೊಡ್ಡ ಮೀನಿನ ನಡುಮುಳ್ಳು, ಮಂಜುಗಡ್ಡೆಯಾದ ಮೀನು, ತೆಂಗಿನಕಾಯಿ ಇವುಗಳಿಗೆ ಸಾಂತೊಕು ಮುಟ್ಟಿಸುವುದಿಲ್ಲ. ಹಲಸಿನಕಾಯಿಗೆ ಶಿರಸಿಯಿಂದ ತಂದ ಮೆಟ್ಟುಗತ್ತಿಯೇ ಸೈ. ಆ ಕೆಲಸದಲ್ಲಿ ಅದನ್ನು ಮೀರಿಸುವ ಚಾಕು ಇನ್ನೂ ಹುಟ್ಟಿಲ್ಲವೆಂಬುದು ನನ್ನ ಅಭಿಪ್ರಾಯ. ಬಾಳೆಕಾಯಿಗೆ ಮಾತ್ರ ಸಾಂತೊಕುವೇ ಹಿತ, ಅಲಗಿಗೆ ಮೊದಲೇ ತುಸು ತೆಂಗಿನೆಣ್ಣೆ ಸವರಿಕೊಂಡರೆ ಸೊನೆ ಅಂಟುವುದಿಲ್ಲ.

ಹಿಡಿಯ ವಿಷಯದಲ್ಲಿ ಅಂದಕ್ಕಿಂತ ಹವೆಯನ್ನು ನೋಡಿದೆ. ಸಾಂಪ್ರದಾಯಿಕ ಎಂಟುಮೂಲೆಯ ಮರದ ಹಿಡಿ ಕೈಗೆ ಹಗುರ, ಆದರೆ ಅಲಗಿನ ಬಾಲ ಮರದೊಳಗೆ ತೂರಿರುವ ಕಡೆ ನೀರಿಳಿದರೆ ಒಳಗೊಳಗೇ ತುಕ್ಕು ಹಿಡಿಯಬಹುದು. ರಿವೆಟ್ ಹೊಡೆದ ಹಿಡಿಯನ್ನೇ ಕೊಂಡೆ.

ಮಸೆಯಲು 1000 ಗ್ರಿಟ್‌ನ (ಈ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಕಲ್ಲನ್ನು ನೀರಿನಲ್ಲಿ ನೆನೆಸಿ, ಪ್ರತಿ ಬದಿಗೆ ಸುಮಾರು 15 ಡಿಗ್ರಿ ಕೋನದಲ್ಲಿ ಅಲಗನ್ನು ಎಳೆಯುತ್ತೇನೆ. ಎದುರು ಬದಿಯ ಅಂಚಿಗೆ ಮಡಚಿಕೊಂಡ ಉಕ್ಕಿನ ಗರಗರ ಬೆರಳಿಗೆ ತಾಗಿದ ಮೇಲೆ ಮಗ್ಗುಲು ಬದಲಿಸಿ, ಕೊನೆಗೆ 3000ದ ಕಲ್ಲಿನ ಮೇಲೆ ನಯಗೊಳಿಸುತ್ತೇನೆ. ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಇದನ್ನು ಕೊಡುವುದಿಲ್ಲ, ಏಕೆಂದರೆ ಒಣ ಚಕ್ರದ ಬಿಸಿಗೆ ತೆಳು ಅಂಚಿನ ಗಡಸುತನ ಕೆಡಬಹುದು. ಮಳೆಗಾಲದಲ್ಲಿ ಮರದ ಒರೆಯೂ ತೇವ ಹಿಡಿದಿಡುವುದರಿಂದ, ಚಾಕುವನ್ನು ಒರೆಯಿಲ್ಲದೆ ಗೋಡೆಯ ಅಯಸ್ಕಾಂತ ಪಟ್ಟಿಗೆ ಅಂಟಿಸಿಡುತ್ತೇನೆ.